ಬೇಳೆ ಬೇಯದ ಬಾವಿ

ಇವತ್ತು ಬೆಳಿಗ್ಗೆ ಮೊಮ್ಮಗಳು ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಬೇಕೆಂದು ಒಲೆಯ ಮೇಲೆ ಮೈದಾ ಅಂಟು ಕುದಿಸಲು ಇಟ್ಟಳು. ಅಂಗಡಿಯಲ್ಲಿ ಸೀಸೆಗಟ್ಟಲೆ ಗೋಂದು ಸಿಗುತ್ತದೆ. ಆದರೆ ಮನೆಯಲ್ಲಿ ಮಾಡಿದ್ದೇ ಗಟ್ಟಿ ಎಂದು ಅವಳ ಟೀಚರು ಹೇಳಿದ್ದಾರಂತೆ. ಗಟ್ಟಿಯಂತೆ, ಗಟ್ಟಿ! ಮೈದಾ ಅಂಟು ಎಷ್ಟು ಗಟ್ಟಿ ಎನ್ನುವುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಈ ರಾಯಚೂರಿನಲ್ಲಿ ಇನ್ನೊಬ್ಬರು ಇರಲಾರರು. ಬೇಯುತ್ತಿರುವ ಹಿಟ್ಟಿನ ಹಸಿ ವಾಸನೆ, ಆಮೇಲೆ ತಳ ಹತ್ತಿದ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಹದಿನೆಂಟು ವರ್ಷದವಳಾಗಿ ಮಾನ್ವಿಯ ಬಾಡಿಗೆ ಮನೆಯ ಹಿತ್ತಲಿನಲ್ಲಿ, ಕೈಯಲ್ಲಿ ನಾರು ಹಿಡಿದು ಕೂತಿದ್ದೆ.

ನಿಜಾಮರ ಕಾಲ. ದೂರದಲ್ಲೆಲ್ಲೋ ಮಹಾಯುದ್ಧ ನಡೆದಿತ್ತು. ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹುಡುಗನಿಗೆ ಸರ್ಕಾರಿ ನೌಕರಿ ಎಂದು ನಮ್ಮಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದರು. ಎಂಥ ನೌಕರಿ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಗಂಡನ ಮನೆಗೆ ಬಂದು ನೋಡಿದರೆ, ನಮ್ಮವರು ಭೂಗರ್ಭ ಖಾತೆಯಲ್ಲಿ ಹಂಗಾಮಿ ನೌಕರರು. ಬೆಳಗಾದರೆ ಒಂದು ಸುತ್ತಿಗೆ, ಒಂದು ಚೀಲ, ತಲೆಗೊಂದು ಟೊಪ್ಪಿಗೆ ಹಾಕಿಕೊಂಡು ಹೋಗುವುದು, ಸಂಜೆಗೆ ಚೀಲದ ತುಂಬ ಕಲ್ಲು ತರುವುದು. ಓಣಿಯ ಹೆಂಗಸರು, "ನಿಮ್ಮ ಮನಿಯವ್ರು ಏನ್ ಕೆಲಸ ಮಾಡ್ತಾರ್ರೀ?" ಎಂದು ಕೇಳಿದರೆ ನಾನು "ಆಫೀಸು" ಎಂದುಬಿಡುತ್ತಿದ್ದೆ. ಕಲ್ಲು ಒಡೆಯುತ್ತಾರೆ ಎಂದು ಯಾವ ಬಾಯಿಂದ ಹೇಳಲಿ?

ಒಂದು ಸಂಜೆ ತಡೆಯಲಾರದೆ ಅವರನ್ನೇ ಕೇಳಿದೆ. ಪಾಪ, ಅಷ್ಟು ದಿನದಿಂದ ಯಾರಾದರೂ ಕೇಳಲಿ ಎಂದೇ ಕಾದಿದ್ದರೋ ಏನೋ, ಬಾಗಿಲಲ್ಲೇ ಕೂತು ಶುರುಮಾಡಿದರು.

"ನೋಡು, ಭೂಮಿ ಮ್ಯಾಲೆ ಗುಡ್ಡ ಏಳ್ತಾವ, ಸವೀತಾವ. ಸಮುದ್ರ ಬರ್ತದ, ಹೋಗ್ತದ. ಆದ್ರ ಒಂದೊಂದು ಖಂಡಕ್ಕೂ ನಡುವ ಒಂದು ಹಳೇ ಗಟ್ಟಿ ಬುಡ ಇರ್ತದ. ಅದು ಮಾತ್ರ ಜಗ್ಗಂಗಿಲ್ಲ. ಈಗ ನಾವು ಕೂತೀವಲ್ಲ, ಅಂಥಾ ಬುಡದ ಮ್ಯಾಲೇ ಕೂತೀವಿ."

"ಜಗ್ಗಂಗಿಲ್ಲ ಅಂದ್ಮ್ಯಾಲೆ ದಿನಾ ಹೋಗಿ ಏನು ನೋಡ್ತೀರಿ? ಎಲ್ಲಾ ಇದ್ದಲ್ಲೇ ಅದ ಅಂತ ಬರದು ಹೈದರಾಬಾದಿಗೆ ಕಳಿಸಿಬಿಡ್ರಿ."

ಅವರು ನಕ್ಕರು. ಆ ಬುಡವೂ ಒಂದೇ ಕಲ್ಲಲ್ಲವಂತೆ. ದೇವದುರ್ಗದ ಕಡೆಯಿಂದ ರಾಯಚೂರಿನ ತನಕ ಕಪ್ಪು ಹಸಿರು ಬಣ್ಣದ ಪದರುಕಲ್ಲಿನ ಒಂದು ಪಟ್ಟಿ ಇದೆಯಂತೆ. ಅದರ ದಕ್ಷಿಣಕ್ಕೆ, ಸಿರವಾರ, ಮಾನ್ವಿಯ ಕಡೆ ಗ್ರಾನೈಟು. ಇವೆರಡೂ ಕೂಡುವ ಗಡಿ ಎಲ್ಲೆಲ್ಲಿ ಹಾದುಹೋಗಿದೆ ಎಂದು ನಡೆದು ನೋಡಿ ನಕಾಶೆಯ ಮೇಲೆ ಗೆರೆ ಎಳೆಯುವುದೇ ಇವರ ಕೆಲಸ. ಚಿನ್ನಗಿನ್ನ ಇದ್ದರೆ ಕರಿಕಲ್ಲಿನ ಪಟ್ಟಿಯಲ್ಲೇ ಇರಬೇಕಂತೆ, ಅದಕ್ಕೇ ಸರ್ಕಾರಕ್ಕೆ ಆ ಗೆರೆಯ ಮೇಲೆ ಅಷ್ಟು ಪ್ರೀತಿ. ಕರಿಕಲ್ಲು ಮೊದಲಿನಿಂದ ಇದ್ದದ್ದು, ಗ್ರಾನೈಟು ಆಮೇಲೆ ಕರಗಿದ ರೂಪದಲ್ಲಿ ಕೆಳಗಿನಿಂದ ಬಂದು ಒಳಹೊಕ್ಕದ್ದು ಎಂದರು.

"ಅಂದ್ರ ಕರಿಕಲ್ಲು ಅತ್ತಿ, ಗ್ರಾನೈಟು ಸೊಸಿ ಅನ್ರಿ" ಎಂದೆ. ಒಳಗೆ ಜಪಕ್ಕೆ ಕೂತಿದ್ದ ಅತ್ತೆಯವರು ಜೋರಾಗಿ ಕೆಮ್ಮಿದರು. ಪಾಠ ಅವತ್ತಿಗೆ ಮುಗಿಯಿತು.

ಅತ್ತೆಯವರ ವಿಷಯ ಹೇಳಲೇಬೇಕು. ರಾಯಚೂರಿನ ವೈಷ್ಣವ ಮನೆತನ, ಮಾವನವರದು ಗುಡಿಯ ಪೂಜೆ. ಮಗನೂ ಅದನ್ನೇ ಮುಂದುವರಿಸಲಿ ಎಂದು ಅವರ ಆಸೆ. ಮಗ ಕಾಲೇಜು ಓದಿ ಕಲ್ಲು ಹೊತ್ತ. ನಾವು ಮಾನ್ವಿಯಲ್ಲಿ ಮನೆ ಮಾಡಿದಾಗ, ಸೊಸೆಗೆ ಮಡಿಮೈಲಿಗೆ ತಿಳಿಯುವುದಿಲ್ಲ ಎಂಬ ನೆಪದಲ್ಲಿ ಅತ್ತೆಯವರೂ ಜೊತೆಗೆ ಬಂದರು. ನಾನು ಹೇಳುತ್ತಿರುವ ಹೊತ್ತಿಗೆ, ಇನ್ನು ಹದಿನೈದು ದಿನದಲ್ಲಿ ಹೈದರಾಬಾದಿನಿಂದ ದೊಡ್ಡ ಸಾಹೇಬರು ಬಂದು ಕೆಲಸ ತಪಾಸಣೆ ಮಾಡುವವರಿದ್ದರು. ನಕಾಶೆ ಒಪ್ಪಿಗೆಯಾದರೆ ನಮ್ಮವರ ನೌಕರಿ ಕಾಯಂ. ಇಲ್ಲವಾದರೆ ಹಂಗಾಮಿಯೂ ಮುಗಿದು, ರಾಯಚೂರಿಗೆ ಹೋಗಿ ಮಾವನವರ ಪೂಜೆಯ ಪೆಟ್ಟಿಗೆ ಹಿಡಿಯುವುದೇ. ಮಂತ್ರ ಒಂದೂ ನೆಟ್ಟಗೆ ಬಾರದ ಮನುಷ್ಯ, ಏನು ಪೂಜೆ ಮಾಡಿಸಿಯಾರು ಎಂದು ನನಗೆ ದಿಗಿಲು.

ಕಲ್ಲುಗಳೆಲ್ಲ ನಡುಮನೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಒಂದು ಚೀಟಿ, ಚೀಟಿಯ ಮೇಲೆ ಒಂದು ಅಂಕಿ. ಆ ಅಂಕಿ ಹುಡುಕಿದರೆ ಅವರ ವಹಿಯಲ್ಲಿ ಕಲ್ಲು ಯಾವ ಊರಿನ ಯಾವ ಹೊಲದ್ದು ಎಂದು ಸಿಗುತ್ತಿತ್ತು. ಯುದ್ಧದ ದೆಸೆಯಿಂದ ಆಫೀಸಿನಿಂದ ಗೋಂದು ಬರುವುದು ನಿಂತಿತ್ತು. ಅದಕ್ಕೆ ನಾನೇ ಮನೆಯಲ್ಲಿ ಮೈದಾ ಅಂಟು ಕುದಿಸಿ ಕೊಟ್ಟಿದ್ದೆ. ಎಷ್ಟು ಹೆಮ್ಮೆ ನನಗೆ, ಸರ್ಕಾರದ ಕೆಲಸಕ್ಕೆ ನನ್ನ ಅಂಟು!

ಒಂದು ದಿನ ನಮ್ಮವರು ಕೆಲಸದ ಮೇಲೆ ದೇವದುರ್ಗಕ್ಕೆ ಹೋಗಿದ್ದರು. ಅವರ ಜವಾನ ಖಾಸೀಮಣ್ಣ ಏನೋ ಕೊಟ್ಟುಹೋಗಲು ಬಂದವನು ಬಾಗಿಲಲ್ಲೇ ನಿಂತು, ಕಲ್ಲುಗಳನ್ನು ಅಭಿಮಾನದಿಂದ ತೋರಿಸುತ್ತ ಒಂದೊಂದರ ಊರು ಹೇಳತೊಡಗಿದ. "ಇದು ಹಿರೇಕೊಟ್ನೆಕಲ್ಲಿಂದು ನೋಡ್ರಿ ಯವ್ವಾ. ಆ ಮೂಲ್ಯಾಗಿಂದು ಸುಡುಗಾಡು ದಿಬ್ಬದ್ದು. ಹೆಣ ಸುಡೋ ಕಟ್ಟಿ ಬಾಜೂನೇ ಇತ್ತು, ನಾನೇ ಒಡದು ತಂದೀನಿ."

ಅತ್ತೆಯವರ ಮುಖ ಬಿಳಿಚಿತು. ಖಾಸೀಮಣ್ಣ ಹೋದಮೇಲೆ ಬಾಯಿ ಬಂತು. "ರಾಮ ರಾಮಾ! ಯಾವ ಕಲ್ಲು ಯಾವ ಕಲ್ಲಿಗೆ ತಾಗೇದೋ! ಇಷ್ಟು ದಿನ ದೇವ್ರಿಗೆ ನೈವೇದ್ಯ ಇಟ್ಟದ್ದೆಲ್ಲಾ ಏನಾತು? ಏ ಹುಡುಗಿ, ಏಳು. ಒಂದೂ ಬಿಡಬ್ಯಾಡ, ಎಲ್ಲಾದಕ್ಕೂ ನೀರು ಹಾಕು."

ನಾನು ತೊಳೆದೆ. ಬರೀ ನೀರು ಸುರಿದಿದ್ದರೂ ಸಾಕಿತ್ತು, ಅತ್ತೆಯವರು ಅಷ್ಟೇ ಹೇಳಿದ್ದು. ಆದರೆ ನನಗೆ ಉಮೇದು. ಸಾಹೇಬರು ಬರುತ್ತಾರೆ, ಕಲ್ಲು ಫಳಫಳ ಹೊಳೆಯಲಿ ಎಂದು ಹಂಡೆಯಲ್ಲಿ ಸೀಗೆಪುಡಿ ಕಲಸಿ ನೆನೆಹಾಕಿದೆ. ಬೂದಿ ಹಾಕಿ ತಿಕ್ಕಿದೆ. ಹುಣಸೆಹಣ್ಣು ಹಾಕಿ ಇನ್ನೊಮ್ಮೆ ತಿಕ್ಕಿದೆ. ಎಂಬತ್ತಕ್ಕೂ ಮೇಲೆ ಕಲ್ಲು, ರಟ್ಟೆ ಬಿದ್ದುಹೋಯಿತು. ಹಿತ್ತಲಲ್ಲಿ ಚಾಪೆ ಹಾಸಿ ದೊಡ್ಡದು, ಸಣ್ಣದು, ಕರಿದು, ಬಿಳಿದು ಎಂದು ಬೇರೆಬೇರೆ ಮಾಡಿ ಚಂದಗೆ ಒಣಗಹಾಕಿದೆ. ಚೀಟಿ? ಅದೂ ನನ್ನ ಗಮನಕ್ಕೆ ಬಂದಿತ್ತು ಕಣ್ರೀ, ಅಷ್ಟೇನೂ ದಡ್ಡಿಯಲ್ಲ ನಾನು. ಹಂಡೆಯಲ್ಲಿ ತೇಲುತ್ತಿದ್ದ ಚೀಟಿಗಳನ್ನೆಲ್ಲ ಆರಿಸಿ ಮೊರದಲ್ಲಿ ಒಣಗಿಸಿ ಇಟ್ಟೆ, ಮತ್ತೆ ಅಂಟಿಸಿದರಾಯಿತು ಎಂದು.

ನಮ್ಮವರು ಮರುದಿನ ಬಂದರು. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಒಂದು ಕಲ್ಲು ಎತ್ತಿ ಆ ಕಡೆ ಈ ಕಡೆ ಹೊರಳಿಸಿದರು. ಇನ್ನೊಂದು ಎತ್ತಿದರು.

"ಚೀಟಿ?"

ಮೊರ ಮುಂದಿಟ್ಟೆ. ಎಲ್ಲ ಬೆಳ್ಳಗೆ ಒಣಗಿದ್ದವು. ಒಂದರ ಮೇಲೂ ಅಂಕಿ ಇರಲಿಲ್ಲ, ಶಾಯಿ ಎಲ್ಲ ಸೀಗೆನೀರಿನ ಜೊತೆ ಬಚ್ಚಲು ಸೇರಿತ್ತು. ಆಗಷ್ಟೇ ನನಗೆ ಏನಾಯಿತೆಂದು ಹೊಳೆದದ್ದು. ಮೊರದ ಪಕ್ಕ ಕೂತು ಒಂದೊಂದೇ ಚೀಟಿ ತಿರುಗಿಸಿ ನೋಡಿದೆ. ಅತ್ತೆಯವರು ಬಾಗಿಲಲ್ಲಿ ನಿಂತು, "ನಾ ಬರೇ ನೀರು ಹಾಕು ಅಂದಿದ್ದೆಪಾ, ಇಕಿ ಸೀಗಿಕಾಯಿ ಹಾಕ್ಯಾಳ" ಎಂದರು.

ಹೊಡೆಯುವ ಗಂಡಂದಿರನ್ನು ಆ ಓಣಿಯಲ್ಲೇ ಕಂಡಿದ್ದೆ. ಕೂಗಾಡುವವರಂತೂ ಎಲ್ಲ ಮನೆಯಲ್ಲೂ ಇದ್ದರು. ನಮ್ಮವರು ಮೊರವನ್ನು ಕೆಳಗಿಟ್ಟು, ಒಂದು ಲೋಟ ಮಜ್ಜಿಗೆ ಕೇಳಿದರು. ಕುಡಿದರು. ಅಷ್ಟು ಹೊತ್ತಿಗೆ ಖಾಸೀಮಣ್ಣನೂ ಬಂದು ನೋಡಿ ತಲೆ ಮೇಲೆ ಕೈಹೊತ್ತು, ಆಮೇಲೆ ಮೆಲ್ಲಗೆ, "ಸಾಬ್, ಕರೇದಕ್ಕ ಕರೇ ಊರು, ಬಿಳೇದಕ್ಕ ಬಿಳೇ ಊರು, ಹೊಸಾ ಚೀಟಿ ಬರದು ಹಚ್ಚಿಬಿಡ್ರಿ. ದೊಡ್ಡ ಸಾಬ್ರಿಗೆ ಏನ್ ತಿಳೀತದ?" ಎಂದ.

ನಮ್ಮವರು ತಲೆ ಅಲ್ಲಾಡಿಸಿದರು. "ಬ್ಯಾಡ. ಇನ್ನೂ ಹದಿಮೂರು ದಿನ ಅದಾವ. ನಾಳಿಂದ ಗಡಿ ಪೂರಾ ಮತ್ತ ತಿರುಗೋಣ."

ನನಗೆ ಒಂದೂ ಮಾತು ಅನ್ನಲಿಲ್ಲ. ಆ ಗಳಿಗೆಯಲ್ಲಿ ನನ್ನ ಗಂಡ ನನಗೆ ದೇವರಾದರು. ಉತ್ಪ್ರೇಕ್ಷೆ ಎನ್ನಬೇಡಿ, ನಿಜಕ್ಕೂ ಹಾಗೇ ಅನ್ನಿಸಿತು. ಅತ್ತೆಯವರು ಮಾತ್ರ ನ್ಯಾಯ ಹೇಳಿದರು, "ತಪ್ಪು ಮಾಡಿದಾಕಿ ನೀನು. ಸಂಗಾಟ ಹೋಗು, ಅವ್ಗ ಎರಡು ಹೊತ್ತು ಬಿಸಿ ಅಡಿಗಿ ಮಾಡಿ ಹಾಕು." ತಾವು ಮಾತ್ರ ಮನೆಯಲ್ಲಿ ಉಳಿದು, ಯಾರಿಗೂ ತಿಳಿಯದ ಹಾಗೆ ನೀರಮಾನ್ವಿಯ ಎಲ್ಲಮ್ಮನಿಗೆ ಒಂದು ತಂಬಿಗೆ ಎಣ್ಣೆ ಕಳಿಸಿಕೊಟ್ಟರಂತೆ. ಆಚಾರವಂತ ವೈಷ್ಣವರ ಮನೆಯ ಹಿರಿಯಾಕೆ! ಎಣ್ಣೆ ಒಯ್ದ ಹೆಂಗಸೇ ಆಮೇಲೆ ನನ್ನ ಹತ್ತಿರ ಹೇಳಿದ್ದು.

ಹೀಗೆ ನಾನು ಎತ್ತಿನ ಬಂಡಿಯಲ್ಲಿ ಹೊರಟೆ. ಸತ್ಯ ಹೇಳಬೇಕೆಂದರೆ, ಮನಸ್ಸಿನಲ್ಲಿ ಎಷ್ಟು ಅಪರಾಧಭಾವವಿತ್ತೋ ಅಷ್ಟೇ ಖುಷಿಯೂ ಇತ್ತು. ಮದುವೆಯಾದ ಮೇಲೆ ಅತ್ತೆಯವರಿಲ್ಲದೆ ನಾವಿಬ್ಬರೇ ಎಲ್ಲಿಗೂ ಹೋದದ್ದಿರಲಿಲ್ಲ. ಖಾಸೀಮಣ್ಣನೂ ಬಂಡಿ ಹೊಡೆಯುವವನೂ ಇದ್ದರು, ಇರಲಿ. ಮೊದಲು ಗ್ರಾನೈಟಿನ ನಾಡು, ಹೊಲದ ನಡುವೆ ಆನೆಗಾತ್ರದ ಗುಂಡುಗಳು. ಸಿರವಾರ ದಾಟಿ ದೇವದುರ್ಗದ ಹಾದಿ ಹಿಡಿದ ಮೇಲೆ ಎರೆಮಣ್ಣು, ಕಣ್ಣು ಹಾಯುವವರೆಗೂ ಬಿಳಿಜೋಳದ ಕೂಳೆ. ನೋಡಲು ಒಂದು ಕಲ್ಲೂ ಇಲ್ಲ. ಅಂಥ ಕಡೆ ಮಣ್ಣಿನ ಕೆಳಗೆ ಗಡಿ ಎಲ್ಲಿದೆ ಎಂದು ಹೇಗೆ ತಿಳಿಯುವುದು ಎಂದು ಕೇಳಿದರೆ ನಮ್ಮವರು ಉತ್ತರ ಕೊಡದೆ ಬೇರೆ ಕಡೆ ನೋಡಿದರು. ಚಿಂತೆಯಲ್ಲಿದ್ದಾರೆ ಎಂದು ನಾನು ಸುಮ್ಮನಾದೆ.

ಅಲ್ಲೊಂದು ಊರಿನ ಹೊರಗೆ, ಬಾವಿಯ ಪಕ್ಕದ ಬೇವಿನ ಮರದ ಕೆಳಗೆ ಇಳಿದೆವು. ಮೂರು ಕಲ್ಲು ಹೂಡಿ ತೊಗರಿಬೇಳೆ ಇಟ್ಟೆ. ಕುದಿಯಿತು, ಕುದಿಯಿತು, ಕುದಿಯುತ್ತಲೇ ಇತ್ತು. ಬೇಳೆ ಹಿಸುಕಿದರೆ ಒಳಗೆ ಹಾಗೇ ಗಟ್ಟಿ. ಕಟ್ಟಿಗೆ ಮುಗಿಯಿತು, ಬೇಳೆ ಬೇಯಲಿಲ್ಲ. ನಮ್ಮವರು ಆ ಸಾರನ್ನೇ ಕಟಕಟ ಅಗಿದು ಉಂಡರು, "ಛಲೋ ಆಗೇದ" ಎಂದರು. ನನಗೆ ಅಳು ಬಂತು. ಕಲ್ಲು ತೊಳೆದು ಕೆಡಿಸಿದೆ, ಈಗ ಒಂದು ಬೇಳೆ ಬೇಯಿಸುವುದಕ್ಕೂ ಬಾರದವಳಾದೆ.

ಬೆಳಿಗ್ಗೆ ನೀರಿಗೆ ಬಂದ ಹೆಂಗಸರು ನಮ್ಮ ಬಾವಿಯ ಪಕ್ಕದಲ್ಲೇ ಹಾದು, ಕೊಡ ಹೊತ್ತು ಮುಂದೆ ಹೋಗುವುದನ್ನು ಕಂಡೆ. ಅವರಲ್ಲಿ ವಯಸ್ಸಾದ ಒಬ್ಬಾಕೆ ಇದ್ದಳು, ಶಿವಮ್ಮ ಎಂದು. ಅವಳನ್ನು ನಿಲ್ಲಿಸಿ ಕೇಳಿದೆ.

"ಇಲ್ಲೇ ಬಾವಿ ಇರಬೇಕಾದ್ರ ಅಷ್ಟು ದೂರ ಯಾಕ ಹೊಂಟೀರವ್ವಾ?"

"ಇದು ದನಕ್ಕ, ಬಟ್ಟಿಗೆ ಯವ್ವಾ. ಅಡಗಿಗಿ ಬರಂಗಿಲ್ಲ. ಬ್ಯಾಳಿ ಬೇಯಂಗಿಲ್ಲ ಇದ್ರಾಗ." ಅವಳು ನನ್ನ ಪಾತ್ರೆಯ ಕಡೆ ನೋಡಿ ನಕ್ಕಳು. "ನೀನೂ ಇಟ್ಟಿದ್ದೇನು? ಅಯ್ಯ ನನ್ನವ್ವಾ, ಮೊದ್ಲ ಕೇಳಬಾರ್ದಾ! ಇದು ಕರೇ ಕಲ್ಲಿನ ಬಾವಿ. ಬ್ಯಾಳಿ ಬಾವಿ ಅಲ್ಲೈತಿ, ಬಿಳೇ ಕಲ್ಲಿಂದು. ಈ ಸಾಲಿನ್ಯಾಗ ಎಲ್ಲಾ ಊರಾಗೂ ಹಂಗಽ, ಒಂದ್ ಬ್ಯಾಳಿ ಬಾವಿ, ಒಂದ್ ದನದ ಬಾವಿ."

ನಾನು ಓಡಿದೆ. ಸೀರೆ ಎತ್ತಿ ಕಟ್ಟಿ ಓಡಿಹೋಗಿ ನಮ್ಮವರಿಗೆ ಹೇಳಿದೆ. ಅವರು ಬಂದು ಬಾವಿಯ ಹಿಂದಿನ ದಿಬ್ಬ ಕೆದರಿದರು. ಬಾವಿ ತೋಡಿದಾಗ ಎತ್ತಿ ಹಾಕಿದ ಕಲ್ಲು, ಮೇಲೆ ಹುಲ್ಲು ಬೆಳೆದು ಮುಚ್ಚಿಹೋಗಿತ್ತು. ಒಡೆದರೆ ಕಪ್ಪು ಹಸಿರು ಪದರುಕಲ್ಲು. ಆ ಕಲ್ಲಿನ ಸುಣ್ಣದಂಶ ಇಳಿದು ನೀರು ಗಡಸಾಗುತ್ತದಂತೆ, ಅದಕ್ಕೇ ಬೇಳೆ ಬೇಯದ್ದು. ಅಲ್ಲಿಂದ ಬೇಳೆ ಬಾವಿಗೆ ನಡೆದೆವು, ಅದರ ದಿಬ್ಬದಲ್ಲಿ ಬರೀ ಗ್ರಾನೈಟು. ಅವರು ನಕಾಶೆ ಬಿಚ್ಚಿದರು. ಎರಡು ಬಾವಿಯೂ ಗ್ರಾನೈಟಿನ ಕಡೆ ಬೀಳುವ ಹಾಗೆ ಗೆರೆ ಅಲ್ಲಿಂದ ಒಂದು ಮೈಲು ಆಚೆಗಿತ್ತು. ಅವರು ಆ ಗೆರೆಯ ಮೇಲೆ ಬೆರಳು ಆಡಿಸಿದರು. ಆಮೇಲೆ, "ಇಲ್ಲಿ ನಂದು ತಪ್ಪದ" ಎಂದರು.

ಮುಂದಿನ ದಿನಗಳಷ್ಟು ಸುಖವಾದ ದಿನಗಳನ್ನು ನಾನು ಕಡಿಮೆ ಕಂಡಿದ್ದೇನೆ. ಊರಿಂದ ಊರಿಗೆ ಹೋಗುವುದು, ಹೆಂಗಸರ ಹತ್ತಿರ ಕೂತು ಬೇಳೆ ಬಾವಿ ಯಾವುದು, ದನದ ಬಾವಿ ಯಾವುದು ಎಂದು ನಾನು ಕೇಳುವುದು, ನಮ್ಮವರು ಹೋಗಿ ದಿಬ್ಬ ಒಡೆದು ನೋಡುವುದು. ಬೇಳೆ ಸಾಕ್ಷಿಯಲ್ಲ, ಕಲ್ಲೇ ಸಾಕ್ಷಿ, ಬೇಳೆ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ ಅಷ್ಟೇ ಎಂದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಎರಡು ಊರಿನಲ್ಲಿ ಬೇಳೆ ನಮಗೆ ಮೋಸಮಾಡಿತು ಕೂಡ. ಆದರೂ ಕೊನೆಗೆ ಗೆರೆ ಕೂಡಿತು. ಆ ಊರುಗಳ ಹೆಣ್ಣುಮಕ್ಕಳು ತಲೆತಲಾಂತರದಿಂದ ಕೊಡ ಹೊತ್ತು, ಭೂಮಿಯ ಅಷ್ಟು ಹಳೆಯ ಗಡಿಯನ್ನು ದಿನಕ್ಕೆರಡು ಸಲ ದಾಟುತ್ತಿದ್ದರು. ಶಿವಮ್ಮನಿಗೆ ಹೇಳಿದ್ದರೆ, "ಹೌದೇನ್ ಯವ್ವಾ" ಎಂದು ಕೊಡ ಹೊತ್ತುಕೊಂಡು ನಡೆದುಬಿಡುತ್ತಿದ್ದಳು. ಈ ಸಲದ ಕಲ್ಲುಗಳಿಗೆ ಚೀಟಿ ಅಂಟಿಸಲಿಲ್ಲ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಅಂಕಿಯನ್ನು ಬಟ್ಟೆಗೇ ದಾರದಲ್ಲಿ ಹೊಲಿದೆ.

ಸಾಹೇಬರು ಬಂದರು. ಗಿಡ್ಡನೆಯ ಮನುಷ್ಯ, ಮೆಲುದನಿ, ಆದರೆ ಕಣ್ಣು ಬಹಳ ಚುರುಕು. ಹೊರಗಿನ ಕೋಣೆಯಲ್ಲಿ ಕಲ್ಲುಗಳನ್ನು ಬಿಚ್ಚುತ್ತ ಹೋದರು. ನಾನು ಬಾಗಿಲ ಹಿಂದೆ, ನನ್ನ ಹಿಂದೆ ಅತ್ತೆಯವರು, ಇಬ್ಬರೂ ಕಿವಿಗೊಟ್ಟು ನಿಂತಿದ್ದೆವು. ವಹಿಯಲ್ಲಿ ಮೊದಲಿನ ಕಲ್ಲುಗಳ ಪಟ್ಟಿಯೂ ಇತ್ತಲ್ಲ, ಅದರ ಮೇಲೆ ಅಡ್ಡಗೀಟು ಹಾಕಿದ್ದು ಅವರ ಕಣ್ಣಿಗೆ ಬಿತ್ತು. ಏನಿದು ಎಂದು ಕೇಳಿದರು.

ಈಗ ನನ್ನ ಹೆಸರು ಬರುತ್ತದೆ ಎಂದುಕೊಂಡೆ. ಹೆಂಡತಿ ತೊಳೆದಳು ಎಂದರೆ ಸಾಹೇಬರು ನಕ್ಕು ಬಿಟ್ಟುಬಿಡುತ್ತಿದ್ದರೋ ಏನೋ. ನಮ್ಮವರು ಎದ್ದು ನಿಂತರು. "ಮೇರೀ ಗಫ್ಲತ್ ಹೈ, ಸಾಬ್" ಎಂದರು. ನನ್ನ ನಿರ್ಲಕ್ಷ್ಯ, ಎಂದು. ಅಷ್ಟೇ. ಸಾಹೇಬರು ಅವರ ಮುಖವನ್ನು ನೋಡಿದರು, ಮರುದಿನ ತಾವೇ ಹೋಗಿ ಬಾವಿಗಳನ್ನು ನೋಡಿ ಬಂದರು, ಗೆರೆಗೆ ಒಪ್ಪಿಗೆ ಹಾಕಿದರು. ನಿರ್ಲಕ್ಷ್ಯಕ್ಕೆ ಶಿಕ್ಷೆ ಎಂದು ಕಾಯಂ ಮಾಡುವುದನ್ನು ಒಂದು ವರ್ಷ ಮುಂದೆ ಹಾಕಿದರು. ನನ್ನಿಂದಾಗಿ ಒಂದು ವರ್ಷ ಹೋಯಿತಲ್ಲ ಎಂದು ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಮರುವರ್ಷ ಕಾಯಂ ಹುಕುಂ ಬಂತು.

ಅಲ್ಲಿಂದೀಚೆಗೆ ಐವತ್ತು ವರ್ಷ. ನಿಜಾಮರು ಹೋದರು, ರಾಯಚೂರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೇರಿತು, ತಾಲೂಕಿನ ಎಲ್ಲೆಗಳು ಎಷ್ಟು ಸಲ ಬದಲಾದವೋ. ನಮ್ಮವರು ದೊಡ್ಡ ಹುದ್ದೆಗೇರಿ ನಿವೃತ್ತರಾದರು. ಸಂಸಾರದಲ್ಲಿ ಜಗಳಕ್ಕೆ ಏನು ಕಡಿಮೆ? ಆದರೆ ಪ್ರತಿ ಸಲವೂ, ಮಾತು ನಾಲಿಗೆಯ ತುದಿಗೆ ಬಂದಾಗ ನನಗೆ ಆ ಬಾಗಿಲು, ಆ ಮಾತು ನೆನಪಾಗುತ್ತಿತ್ತು. ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡ ಮನುಷ್ಯ ಇವರು ಎಂದು ಮಾತು ನುಂಗಿಕೊಂಡು, ತಾಟಿಗೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದೆ.

ಇವತ್ತು ಅಂಟಿನ ವಾಸನೆಗೆ ಮನಸ್ಸು ತುಂಬಿಬಂತು. ಹೊರಗೆ ಆರಾಮಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಅವರ ಹತ್ತಿರ ಹೋಗಿ ಕೂತೆ. ಇಷ್ಟು ವರ್ಷದಲ್ಲಿ ಆಡದ ಮಾತು ಆಡಿದೆ.

"ಅವತ್ತು ಸಾಹೇಬ್ರ ಮುಂದ ನನ್ನ ಹೆಸರು ಹೇಳಲಿಲ್ಲ ನೀವು. ನನ್ನ ತಪ್ಪು ನಿಮ್ದು ಅಂತ ಹೇಳಿದ್ರಿ. ಅದನ್ನ ನಾ ಇನ್ನೂ ಮರ್ತಿಲ್ಲ."

ಅವರು ಪೇಪರು ಮಡಚಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ನಾ ಸುಳ್ಳು ಹೇಳಿದ್ದಿಲ್ಲ ಅವತ್ತು" ಎಂದರು.

"ಅಂದ್ರ?"

"ಸಿರವಾರದ ಮುಂದ ಆ ಎರಿ ಹೊಲ ಇದ್ವಲ್ಲ. ಮೊದಲನೇ ಸಲ ಆ ಏಳು ಮೈಲು ನಾ ನಡದೇ ಇರಲಿಲ್ಲ. ಬಂಡಿಯಾಗ ಕೂತು ನಕಾಶಿ ಮ್ಯಾಲೆ ಅಳತಿಪಟ್ಟಿ ಇಟ್ಟು ಗೆರಿ ಹೊಡದುಬಿಟ್ಟಿದ್ದೆ. ಆ ಭಾಗದ ಕಲ್ಲು ಅಂತ ಚೀಟಿ ಹಚ್ಚಿದ್ನಲ್ಲ, ಅವೂ ಬ್ಯಾರೆ ಎಲ್ಲೋ ಹಾದ್ಯಾಗ ಆರಿಸಿದ್ದು. ನೀ ತೊಳದಿ ಅಂದ ಕೂಡ್ಲೇ, ಆ ಸುಳ್ಳು ಚೀಟಿನೂ ಹೋದ್ವು ಅಂತ ನನಗ ಎದಿ ಹಗುರಾತು ನೋಡು. ಸಿಟ್ಟು ಎಲ್ಲಿಂದ ಬರಬೇಕು?"

"ಯಾಕ ಹಂಗ ಮಾಡಿದ್ರಿ?" ಎಂದೆ.

ಅವರು ಅಂಗಳದ ಕಡೆ ನೋಡಿದರು. ಎಂಬತ್ತರ ಹತ್ತಿರದ ಮುಖ, ನಾಚಿಕೆಯಿಂದ ಕೆಂಪಾಗಿತ್ತು. "ಮದುವಿ ಆದ ಮೊದಲನೇ ಸಂಕ್ರಾಂತಿ ಅದು. ನಡದಿದ್ರ ಇನ್ನೂ ಮೂರು ದಿನ ಹಿಡೀತಿತ್ತು. ನೀ ಮನ್ಯಾಗ ದಾರಿ ಕಾಯ್ತಿರ್ತಿ ಅಂತ ಬಂದುಬಿಟ್ಟೆ."

ಆ ಸಂಕ್ರಾಂತಿ ನನಗೆ ನೆನಪಿದೆ. ಕಬ್ಬಿನ ಜಲ್ಲೆ ಹೆಗಲ ಮೇಲಿಟ್ಟುಕೊಂಡು, ಹೇಳಿದ್ದಕ್ಕಿಂತ ಮೂರು ದಿನ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಕೆಲಸ ಬೇಗ ಮುಗಿಯಿತು ಎಂದಿದ್ದರು.

"ಅಲ್ರೀ, ಇದನ್ನ ಹೇಳಲಿಕ್ಕೆ ಐವತ್ತು ವರ್ಷ ಬೇಕಾತೇನು? ನಾ ಅಪರಾಧ ಮಾಡೀನಿ ಅಂತ ಎಷ್ಟು ಮಾತು ನುಂಗೀನಿ ಗೊತ್ತೇನು ನಿಮಗ?"

"ಗೊತ್ತದ. ಹೇಳೋಣ ಹೇಳೋಣ ಅಂತನಽ ಇದ್ದೆ. ನೀ ನನ್ನ ಭಾಳ ದೊಡ್ಡಾಂವ ಅಂತ ತಿಳ್ಕೊಂಡಿದ್ದಿ. ಅದು ಯಾರಿಗೆ ಬ್ಯಾಡಾಗ್ತದ, ಹೇಳು?"

ಸಿಟ್ಟು ಬಂತು. ಬಹಳ ಬಂತು. ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತು ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ. ಆಮೇಲೆ ನಗು ಬಂತು, ನಿಲ್ಲಿಸಲು ಆಗಲೇ ಇಲ್ಲ. ಮೊಮ್ಮಗಳು ಕೈತುಂಬ ಅಂಟು ಮಾಡಿಕೊಂಡು, ಅಜ್ಜಿಗೆ ಏನಾಯಿತು ಎಂದು ನೋಡುತ್ತಿದ್ದಳು. ದೇವರೊಬ್ಬರು ಹೋದರು, ನಿಜ. ಆದರೆ ಹದಿನೆಂಟರ ಹೆಂಡತಿಗಾಗಿ ಸರ್ಕಾರದ ನಕಾಶೆಯ ಮೇಲೆ ಏಳು ಮೈಲು ಸುಳ್ಳು ಗೆರೆ ಎಳೆದು ಓಡಿಬಂದ ಗಂಡಸೊಬ್ಬ ನನ್ನ ಮನೆಯಲ್ಲೇ ಇದ್ದ, ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕರೆದೆ. ಅವರು ಬಂದು ಯಾವತ್ತಿನ ಹಾಗೆ ತಾಟಿನ ಮುಂದೆ ಕೂತು ಕಾದರು. ನಾನು ಎದುರಿಗೆ ಇನ್ನೊಂದು ತಾಟು ಹಾಕಿಕೊಂಡು ಕೂತುಬಿಟ್ಟೆ.

"ಇವತ್ತು ನೀವಽ ಬಡಸ್ರಿ" ಎಂದೆ.

ಅವರು ಮೊಣಕಾಲ ಮೇಲೆ ಕೈಯೂರಿ ಮೆಲ್ಲಗೆ ಎದ್ದರು. ಅನ್ನ ಬಡಿಸಿದರು, ಸಾರು ಬಡಿಸಿದರು, ಅಭ್ಯಾಸವಿಲ್ಲದೆ ಸ್ವಲ್ಪ ಚೆಲ್ಲಿದರು. ತುಪ್ಪದ ಗಿಂಡಿ ಎತ್ತಿಕೊಂಡು ನನಗೆ ಒಂದು ಚಮಚ ಹಾಕಿದರು. ಇನ್ನೊಂದು ಹಾಕಿದರು. ಸಾಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ನಾನು ಅನ್ನಲಿಲ್ಲ.